ಪ್ರತ್ಯೇಕಿಸಬಹುದಾದ ವಾರಂಟುಗಳೊಂದಿಗೆ ಹೊರಡಿಸುವ ಪರಿವರ್ತನೀಯ ಡಿಬೆಂಚರುಗಳು: ಲೆಕ್ಕವಿಡುವ ಕ್ರಮ

1. ಉದ್ದೇಶ

ಬಂಡವಾಳ ಸಂಗ್ರಹಣೆಗಾಗಿ ಕಂಪನಿಗಳು ಪರಿವರ್ತನೀಯ ಡಿಬೆಂಚರುಗಳನ್ನು ಹೊರಡಿಸಿ, ಅವುಗಳ ಜೊತೆಗೆ ವಾರಂಟುಗಳನ್ನೂ ನೀಡುವುದುಂಟು. ಇಂತಹ ಡಿಬೆಂಚರುಗಳಿಗೆ ಅರ್ಜಿ ಸಲ್ಲಿಸುವ ಹಾಗೂ ಕಂಪನಿಯ ವಾರ್ಷಿಕ ಲೆಕ್ಕಪತ್ರಗಳ ಪ್ರತಿ ಪಡೆಯುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಅರ್ಥ ವಿವರಣೆ

(ಅ) ಪರಿವರ್ತನೀಯ ಡಿಬೆಂಚರು: ನಿಗದಿತ ಬಡ್ಡಿಯನ್ನು ನೀಡುವ, ಹಿಡುವಳಿದಾರನು ಇಚ್ಛಿಸಿದಲ್ಲಿ ಷೇರುಗಳಾಗಿ ಮಾರ್ಪಡಿಸಬಹುದಾದ ಸಾಲಪತ್ರ.

(ಆ) ಪ್ರತ್ಯೇಕಿಸಬಹುದಾದ ವಾರಂಟು: ನಿಗದಿತ ಅವಧಿಯೊಳಗೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಡಿಬೆಂಚರನ್ನು ಉಳಿಸಿಕೊಂಡು ಈ ಹಕ್ಕನ್ನು ಮಾತ್ರ ಬೇರೆಯವರಿಗೆ ಮಾರಬಹುದು.

ಪರಿವರ್ತಿಸುವಾಗ ಡಿಬೆಂಚರನ್ನೇ ಬಿಟ್ಟುಕೊಡಬೇಕಾಗುತ್ತದೆ. ವಾರಂಟನ್ನು ಚಲಾಯಿಸುವಾಗ ಡಿಬೆಂಚರು ಉಳಿಯುತ್ತದೆ. ಷೇರಿನ ಬೆಲೆಯನ್ನು ಪ್ರತ್ಯೇಕವಾಗಿ ಪಾವತಿಸಬೇಕು.

3. ಕಾನೂನಿನ ಅವಕಾಶ

ಕಂಪನಿಗಳ ಅಧಿನಿಯಮ, 2013ರ 71ನೇ ಪ್ರಕರಣದ ಮೇರೆಗೆ, ಷೇರುಗಳಾಗಿ ಪರಿವರ್ತಿಸುವ ಆಯ್ಕೆಯುಳ್ಳ ಡಿಬೆಂಚರುಗಳನ್ನು ಹೊರಡಿಸಲು ಸರ್ವಸದಸ್ಯರ ಸಭೆಯಲ್ಲಿ ವಿಶೇಷ ನಿರ್ಣಯದ ಮೂಲಕ ಅನುಮೋದನೆ ಪಡೆಯತಕ್ಕದ್ದು. ಡಿಬೆಂಚರುಗಳಿಗೆ ಮತದಾನದ ಹಕ್ಕು ಇರುವುದಿಲ್ಲ. ಕಂಪನಿಗಳ (ಭಾರತೀಯ ಲೆಕ್ಕಪತ್ರ ಮಾನಕಗಳು) ನಿಯಮಗಳು, 2015 ಅನ್ವಯವಾಗುವ ಕಂಪನಿಗಳು ಮಾನಕ 32 ಮತ್ತು 109ನ್ನು ಪಾಲಿಸತಕ್ಕದ್ದು.

4. ಮೊತ್ತದ ವಿಂಗಡಣೆ

ಸಂಗ್ರಹವಾದ ಹಣವನ್ನೆಲ್ಲ ಸಾಲವೆಂದು ತೋರಿಸುವುದು ಸರಿಯಲ್ಲ. ಮಾನಕ 32ರಂತೆ ಮೊದಲು ಸಾಲದ ಭಾಗವನ್ನು ಅಳೆಯಬೇಕು. ಪರಿವರ್ತನೆಯ ಹಕ್ಕಿಲ್ಲದ ಅಂತಹುದೇ ಸಾಲಕ್ಕೆ ಮಾರುಕಟ್ಟೆಯಲ್ಲಿರುವ ಬಡ್ಡಿ ದರದಂತೆ ಮುಂದಿನ ಪಾವತಿಗಳ ಇಂದಿನ ಮೌಲ್ಯವೇ ಸಾಲದ ಭಾಗ. ಉಳಿದ ಮೊತ್ತ ಈಕ್ವಿಟಿಗೆ ಸೇರುತ್ತದೆ. ಹೊರಡಿಕೆಯ ವೆಚ್ಚವನ್ನೂ ಇದೇ ಅನುಪಾತದಲ್ಲಿ ಹಂಚಬೇಕು.

ನಿಗದಿತ ಸಂಖ್ಯೆಯ ಷೇರುಗಳನ್ನು ನಿಗದಿತ ಮೊತ್ತಕ್ಕೆ ನೀಡುವ ಷರತ್ತು ಇದ್ದಲ್ಲಿ ಮಾತ್ರ ಹಕ್ಕುಗಳು ಈಕ್ವಿಟಿ ಎನಿಸುತ್ತವೆ. ಷೇರುಗಳ ಸಂಖ್ಯೆ ಬದಲಾಗುವಂತಿದ್ದರೆ ಆ ಹಕ್ಕನ್ನು ಹೊಣೆಯೆಂದು ತೋರಿಸಿ, ಅದರ ನ್ಯಾಯಯುತ ಮೌಲ್ಯದ ಏರಿಳಿತವನ್ನು ಲಾಭ-ನಷ್ಟದಲ್ಲಿ ದಾಖಲಿಸಬೇಕು.

5. ಉದಾಹರಣೆ

ಒಂದು ಕಂಪನಿಯು ತಲಾ 1,000 ರೂ.ಗಳ 1,000 ಡಿಬೆಂಚರುಗಳನ್ನು 3 ವರ್ಷಗಳ ಅವಧಿಗೆ ಶೇ. 8ರ ವಾರ್ಷಿಕ ಬಡ್ಡಿಗೆ ಹೊರಡಿಸಿ, ಪ್ರತಿಯೊಂದಕ್ಕೂ ಒಂದು ವಾರಂಟನ್ನು ನೀಡಿದೆ ಎಂದಿಟ್ಟುಕೊಳ್ಳೋಣ. ಹಕ್ಕುಗಳಿಲ್ಲದ ಸಾಲದ ಮಾರುಕಟ್ಟೆ ದರ ಶೇ. 10.

ಅಸಲಿನ ಇಂದಿನ ಮೌಲ್ಯ: 7,51,315 ರೂ.
ಬಡ್ಡಿಯ ಇಂದಿನ ಮೌಲ್ಯ: 1,98,948 ರೂ.
ಸಾಲದ ಭಾಗ: 9,50,263 ರೂ.
ಈಕ್ವಿಟಿ ಭಾಗ: 49,737 ರೂ.

ವಾರಂಟು ಮತ್ತು ಪರಿವರ್ತನೆಯ ಹಕ್ಕಿನ ನ್ಯಾಯಯುತ ಮೌಲ್ಯಗಳು 1:3ರ ಅನುಪಾತದಲ್ಲಿದ್ದರೆ, ವಾರಂಟಿಗೆ 12,434 ರೂ. ಹಾಗೂ ಪರಿವರ್ತನೆಯ ಹಕ್ಕಿಗೆ 37,303 ರೂ. ಎಂದು ವಿಂಗಡಿಸಬಹುದು.

ಬಡ್ಡಿಯ ವೆಚ್ಚವನ್ನು ಶೇ. 10ರಂತೆ ದಾಖಲಿಸಬೇಕು. ಪಾವತಿಯಾಗುವ 80,000 ರೂ.ಗಳಿಗಿಂತ ಹೆಚ್ಚಾದ ಮೊತ್ತವು ಸಾಲಕ್ಕೆ ಸೇರುತ್ತದೆ.

1ನೇ ವರ್ಷ: ವೆಚ್ಚ 95,026 ರೂ.; ವರ್ಷಾಂತ್ಯದ ಸಾಲ 9,65,289 ರೂ.
2ನೇ ವರ್ಷ: ವೆಚ್ಚ 96,529 ರೂ.; ವರ್ಷಾಂತ್ಯದ ಸಾಲ 9,81,818 ರೂ.
3ನೇ ವರ್ಷ: ವೆಚ್ಚ 98,182 ರೂ.; ವರ್ಷಾಂತ್ಯದ ಸಾಲ 10,00,000 ರೂ.

6. ಹಕ್ಕು ಚಲಾಯಿಸಿದಾಗ

(ಅ) ಪರಿವರ್ತನೆಯಾದಲ್ಲಿ, ಸಾಲದ ಅಂದಿನ ಪುಸ್ತಕ ಮೌಲ್ಯ ಹಾಗೂ ಪರಿವರ್ತನೆಯ ಹಕ್ಕಿನ ಮೊತ್ತವನ್ನು ಷೇರು ಬಂಡವಾಳಕ್ಕೂ ಷೇರು ಪ್ರೀಮಿಯಮ್ಮಿಗೂ ವರ್ಗಾಯಿಸಬೇಕು. ಅವಧಿಯ ಕೊನೆಯಲ್ಲಿ ಎಲ್ಲ ಡಿಬೆಂಚರುಗಳು 10 ರೂ. ಮುಖಬೆಲೆಯ 20,000 ಷೇರುಗಳಾದರೆ, ಬಂಡವಾಳ 2,00,000 ರೂ., ಪ್ರೀಮಿಯಂ 8,37,303 ರೂ. ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

(ಆ) ವಾರಂಟು ಚಲಾಯಿಸಿದಲ್ಲಿ, ಬಂದ ನಗದಿನೊಂದಿಗೆ ವಾರಂಟಿನ ಮೊತ್ತವನ್ನೂ ಅವೇ ಖಾತೆಗಳಿಗೆ ವರ್ಗಾಯಿಸಬೇಕು.

(ಇ) ವಾರಂಟಿನ ಅವಧಿ ಮುಗಿದುಹೋದಲ್ಲಿ, ಆ ಮೊತ್ತ ಈಕ್ವಿಟಿಯಲ್ಲಿಯೇ ಉಳಿಯುತ್ತದೆ. ಅದನ್ನು ಲಾಭವೆಂದು ತೋರಿಸುವಂತಿಲ್ಲ.

7. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಮೇಲಿನ ಉದಾಹರಣೆಯಲ್ಲಿ ವಿಂಗಡಣೆ ಮಾಡದಿದ್ದಲ್ಲಿ ಮೂರು ವರ್ಷಗಳ ಬಡ್ಡಿ ವೆಚ್ಚವು 2,89,737 ರೂ.ಗಳ ಬದಲು 2,40,000 ರೂ. ಎಂದು ಕಾಣುತ್ತದೆ. ಸಾಲವು ಅಗ್ಗವೆಂದೂ ಲಾಭವು ಹೆಚ್ಚೆಂದೂ ತೋರುತ್ತದೆ. ಅಂತಹ ಲಾಭವನ್ನು ನಂಬಿ ಉಳಿತಾಯದ ಹಣವನ್ನು ತೊಡಗಿಸಿದವರು ತಪ್ಪು ಲೆಕ್ಕದ ಮೇಲೆ ನಿರ್ಧಾರ ಕೈಗೊಂಡಂತಾಗುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡವುಗಳನ್ನು ಪರಿಶೀಲಿಸತಕ್ಕದ್ದು:

– ಪರಿವರ್ತನೆಯ ಬೆಲೆ, ಅವಧಿ ಹಾಗೂ ದೊರೆಯುವ ಷೇರುಗಳ ಸಂಖ್ಯೆ;
– ವಾರಂಟಿನ ಬೆಲೆ ಮತ್ತು ಕೊನೆಯ ದಿನಾಂಕ;
– ಲೆಕ್ಕಪತ್ರಗಳ ಟಿಪ್ಪಣಿಗಳಲ್ಲಿ ಸಾಲ ಮತ್ತು ಈಕ್ವಿಟಿ ಭಾಗಗಳನ್ನು ಪ್ರತ್ಯೇಕವಾಗಿ ತೋರಿಸಲಾಗಿದೆಯೇ ಎಂಬುದು;
– ಹೊಸ ಷೇರುಗಳಿಂದ ಪ್ರತಿ ಷೇರಿನ ಗಳಿಕೆ ಎಷ್ಟು ಕಡಿಮೆಯಾಗುವುದೆಂಬುದು.

ಕಂಪನಿಗಳು ಸಲ್ಲಿಸಿದ ಲೆಕ್ಕಪತ್ರಗಳನ್ನು ನಿಗದಿತ ಶುಲ್ಕ ಪಾವತಿಸಿ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಪರಿಶೀಲಿಸಬಹುದಾಗಿದೆ.