ಹೂದಾನಿಯ ಮೇಲಿನ ಬಾವಲಿ

ಚೀನಾದ ಹಳೆಯ ಪಿಂಗಾಣಿ ಹೂದಾನಿಗಳಲ್ಲಿ ಹಲವದರ ಮೇಲೆ ಕೆಂಪು ಬಾವಲಿಗಳು ಹಾರಾಡುತ್ತವೆ. ಪಾಳುಮನೆಗಳಲ್ಲಿ ತಲೆಕೆಳಗಾಗಿ ತೂಗುವ ಈ ಪ್ರಾಣಿಗೆ ಅರಮನೆಯ ಹೂದಾನಿಯ ಮೇಲೇನು ಕೆಲಸ?

ಉತ್ತರವಿರುವುದು ಉಚ್ಚಾರಣೆಯಲ್ಲಿ. ಚೀನೀ ಭಾಷೆಯಲ್ಲಿ ಬಾವಲಿಯನ್ನು ಸೂಚಿಸುವ 'ಫು' ಮತ್ತು ಸೌಭಾಗ್ಯವೆಂಬ ಅರ್ಥದ 'ಫು' ಬರೆಯುವಾಗ ಬೇರೆ ಬೇರೆ, ನುಡಿಯುವಾಗ ಒಂದೇ. ನಮ್ಮ ಕವಿಗಳು ಪದ್ಯದಲ್ಲಿ ತಂದ ಶ್ಲೇಷೆಯನ್ನು ಅಲ್ಲಿನ ಕುಶಲಕರ್ಮಿಗಳು ಬಣ್ಣದಲ್ಲಿ ತಂದರು. ಕೆಂಪು ಎಂಬುದಕ್ಕೂ ಅಪಾರ ಎಂಬುದಕ್ಕೂ 'ಹೊಂಗ್' ಎಂಬ ಒಂದೇ ಉಚ್ಚಾರಣೆ. ಆದ್ದರಿಂದ ಕೆಂಪು ಬಾವಲಿಯೆಂದರೆ ಅಪಾರ ಸೌಭಾಗ್ಯ. ಐದು ಬಾವಲಿಗಳಿದ್ದರೆ ಪಂಚಭಾಗ್ಯ: ದೀರ್ಘಾಯುಷ್ಯ, ಐಶ್ವರ್ಯ, ಆರೋಗ್ಯ, ಸದ್ಗುಣದಲ್ಲಿ ಪ್ರೀತಿ, ಕಾಲ ತುಂಬಿದ ಮೇಲೆ ಸಹಜ ಮರಣ.

ಮೀನಿನ ಹೆಸರು 'ಯೂ'. ಉಂಡುಟ್ಟು ಮಿಗುವ ಸಮೃದ್ಧಿಗೂ ಅದೇ ಉಚ್ಚಾರಣೆ. ಜಿಂಕೆ 'ಲು', ಸರಕಾರಿ ಹುದ್ದೆಯ ಸಂಬಳವೂ 'ಲು'. ಹೂದಾನಿಯ ಹೆಸರೇ 'ಪಿಂಗ್', ಅದು ನೆಮ್ಮದಿಯೆಂಬ ಪದದಂತೆಯೇ ಕೇಳಿಸುತ್ತದೆ. ಆದರೆ ಪೀಚ್ ಹಣ್ಣಿಗೆ ಶ್ಲೇಷೆ ಬೇಕಿಲ್ಲ. ಪಶ್ಚಿಮದ ರಾಜಮಾತೆಯೆಂಬ ದೇವತೆಯ ತೋಟದ ಪೀಚ್ ತಿಂದವರಿಗೆ ಸಾವಿಲ್ಲವೆಂಬ ಪುರಾಣಕಥೆಯೇ ಅದನ್ನು ದೀರ್ಘಾಯುಷ್ಯದ ಗುರುತಾಗಿಸಿತು.

ಈ ಸಂಕೇತಗಳು ಜಿಂಗ್‌ಡೆಝೆನ್ ಪಟ್ಟಣದ ರಾಜಗೂಡುಗಳಲ್ಲಿ 18ನೆಯ ಶತಮಾನದಲ್ಲಿ ಅತ್ಯಂತ ನಾಜೂಕಾಗಿ ಮೂಡಿಬಂದವು. ಯೊಂಗ್‌ಝೆಂಗ್ ಚಕ್ರವರ್ತಿಯ ಕಾಲದ (1723–1735) ಒಂದು ಹೂದಾನಿಯ ಮೇಲೆ ಎಂಟು ಪೀಚ್ ಹಣ್ಣುಗಳೂ ಎರಡು ಬಾವಲಿಗಳೂ ಇವೆ. ಆಯುಸ್ಸು, ಭಾಗ್ಯ ಎರಡೂ ಕೂಡಿಬರಲೆಂಬ ಹಾರೈಕೆ ಅದು. ಅದೇ ಹೂದಾನಿ ಅಮೆರಿಕದ ಮನೆಯೊಂದನ್ನು ಸೇರಿ, ಬಹುಕಾಲ ವಿದ್ಯುದ್ದೀಪದ ಬುಡವಾಗಿ ನಿಂತಿತ್ತು! 2002ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 4 ಕೋಟಿ 15 ಲಕ್ಷ ಹಾಂಗ್‌ಕಾಂಗ್ ಡಾಲರ್. ಕೊಂಡವರು ಅನಂತರ ಅದನ್ನು ಶಾಂಘೈ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು.

ದೀಪದ ಬುಡವಾಗಿದ್ದಾಗಲೂ ಅದರ ಮೇಲಿನ ಚಿತ್ರ ಮಾಸಿರಲಿಲ್ಲ, ಹಾರೈಕೆ ಬದಲಾಗಿರಲಿಲ್ಲ. ಆದರೆ ಭಾಷೆ ಬಾರದ ನಾಡಿನಲ್ಲಿ ಬಾವಲಿ ಬರೀ ಬಾವಲಿ, ಹಣ್ಣು ಬರೀ ಹಣ್ಣು. ವಸ್ತುವನ್ನು ಒಡೆಯದಂತೆ ಕಾಪಾಡಿದರಷ್ಟೇ ಸಾಲದು, ಅದರ ಮಾತನ್ನೂ ಉಳಿಸಿಕೊಳ್ಳಬೇಕು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲೂ ಚೀನೀ ಪಿಂಗಾಣಿಯ ಸಂಗ್ರಹವಿದೆ. ಅಲ್ಲಿಗೆ ಹೋದಾಗ ಚಿತ್ರದಲ್ಲಿರುವುದು ಏನೆಂದು ನೋಡಿ ಮುಂದೆ ಸಾಗದೆ, ಚೀನೀಯರು ಅದನ್ನು ಏನೆಂದು ಕರೆಯುತ್ತಾರೆಂದೂ ಕೇಳಿ ನೋಡಿ.