ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಾಯುದೂರ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಣ ನೇರ ವಾಯುದೂರ ಸುಮಾರು 13,990 ಕಿ.ಮೀ. ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳ ಗರಿಷ್ಠ ಅಂತರ ಸುಮಾರು 20,000 ಕಿ.ಮೀ. ಆಗಿರುವುದರಿಂದ, ಇದು ಅದರ ಹತ್ತರಲ್ಲಿ ಏಳು ಪಾಲು. ತಡೆರಹಿತ ಹಾರಾಟಕ್ಕೆ ಸಾಮಾನ್ಯವಾಗಿ 16ರಿಂದ 17 ಗಂಟೆಗಳು ಬೇಕು.

ದೂರದ ಲೆಕ್ಕ

ಗೋಡೆಯ ಭೂಪಟದಲ್ಲಿ ಈ ಎರಡು ನಗರಗಳ ನಡುವೆ ಗೆರೆ ಎಳೆದರೆ ಅದು ಸಾಗರವನ್ನು ಅಡ್ಡಲಾಗಿ ದಾಟುತ್ತದೆ. ಆದರೆ ಅದು ಹತ್ತಿರದ ದಾರಿಯಲ್ಲ. ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಅದು ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾ ಹಾಗೂ ಅಲಾಸ್ಕಗಳ ಮೇಲೆ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಇಳಿಯುವುದು ಕಾಣುತ್ತದೆ. ಇದನ್ನು ಮಹಾವೃತ್ತ ಮಾರ್ಗ ಎನ್ನುತ್ತಾರೆ. ವಿಮಾನಗಳು ಇದನ್ನೇ ಯಥಾವತ್ತಾಗಿ ಅನುಸರಿಸುವುದಿಲ್ಲ. ಗಾಳಿಯ ದಿಕ್ಕು, ದೇಶಗಳ ವಾಯುಪ್ರದೇಶದ ನಿರ್ಬಂಧಗಳು ಮತ್ತು ಟಿಬೆಟಿನ ಎತ್ತರದ ಪ್ರಸ್ಥಭೂಮಿ ದಾರಿಯನ್ನು ಬದಲಿಸುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ತಕ್ಷಣ ಕೆಳಗಿಳಿಯಬೇಕು; ಟಿಬೆಟಿನ ಮೇಲೆ ಅಷ್ಟು ಇಳಿಯಲು ಅವಕಾಶವಿಲ್ಲ.

ಮೊದಲ ತಡೆರಹಿತ ಹಾರಾಟ

ಏರ್ ಇಂಡಿಯಾದ ಬೋಯಿಂಗ್ 777-200 ಎಲ್‌ಆರ್ ವಿಮಾನವು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಇದನ್ನು ನಡೆಸಿದರು, ಚಾಲಕರೆಲ್ಲರೂ ಮಹಿಳೆಯರೇ.

ಗಡಿಯಾರದ ವ್ಯತ್ಯಾಸ

ಪಂಚಾಂಗದ ಎರಡು ದಿನಗಳನ್ನು ನುಂಗಿದಂತೆ ಕಂಡರೂ ಆ ಹಾರಾಟದ ಅವಧಿ ಸುಮಾರು 17 ಗಂಟೆ ಮಾತ್ರ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ಭಾರತದ್ದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಹೀಗಾಗಿ ಬೆಂಗಳೂರಿನಿಂದ ಚಳಿಗಾಲದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಶಿವಮೊಗ್ಗದಲ್ಲಿ ರಾತ್ರಿ 8 ಆದಾಗ ಅಲ್ಲಿ ಬೆಳಗಿನ ಆರೂವರೆ ಅಥವಾ ಏಳೂವರೆ; ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುವ ತಂದೆತಾಯಿಗಳಿಗೆ ಈ ಒಂದು ಗಂಟೆಯ ಏರುಪೇರು ಮುಖ್ಯವಾದುದು.

ಮಲೆನಾಡಿನಿಂದ ಪ್ರಯಾಣ

ಹಾರಾಟದ ಅವಧಿಯನ್ನೇ ಪ್ರಯಾಣದ ಅವಧಿ ಎಂದು ಭಾವಿಸಬಾರದು. ಶಿವಮೊಗ್ಗದ ನವುಲೆಯಿಂದ ಹೊರಡುವವರು ಮೊದಲು ಸುಮಾರು 300 ಕಿ.ಮೀ. ರಸ್ತೆಯನ್ನು ಕ್ರಮಿಸಬೇಕು, ಅದಕ್ಕೆ ಆರು ಗಂಟೆಯಾದರೂ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ವಿಮಾನ 5,000 ಕಿ.ಮೀ. ದಾಟಿರುತ್ತದೆ! 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿಗೆ ವಿಮಾನಸಂಚಾರ ಆರಂಭವಾದ ಬಳಿಕ ಈ ಭಾಗವನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುವ ಅವಕಾಶ ಒದಗಿತು. ಅಂತರರಾಷ್ಟ್ರೀಯ ಪ್ರಯಾಣಿಕರು ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕೆಂಬುದನ್ನೂ, ಆಚೆ ವಲಸೆ ತಪಾಸಣೆಯ ಸಾಲನ್ನೂ ಸೇರಿಸಿದರೆ ಮನೆಯಿಂದ ಮನೆಗೆ 28 ಗಂಟೆ ಹಿಡಿಯುವುದು ಅಸಹಜವಲ್ಲ. ಇಷ್ಟು ದೀರ್ಘಕಾಲ ಕುಳಿತಲ್ಲೇ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ವಯಸ್ಸಾದವರು ಆಗಾಗ ಎದ್ದು ನಡೆದಾಡುವುದು, ನೀರು ಕುಡಿಯುವುದು ಅವಶ್ಯ.