ವಿಶೇಷ ಅಗತ್ಯವುಳ್ಳ ಮಗುವಿಗೆ ಮನೆಯಲ್ಲೇ ಆರೈಕೆ: ನೇಮಿಸುವ ಮುನ್ನ ತಿಳಿದಿರಬೇಕಾದದ್ದು

ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ಅಂಗವೈಕಲ್ಯವಿರುವ ಮಗುವನ್ನು ನೋಡಿಕೊಳ್ಳುವವರನ್ನು ಹುಡುಕುವ ಮೊದಲು ಮಗುವಿನ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಊಟ ಮಾಡಿಸುವ ರೀತಿ, ಔಷಧದ ವೇಳೆ, ಶೌಚಕ್ಕೆ ಮಾಡುವ ಸನ್ನೆ, ಫಿಟ್ಸ್ ಬಂದರೆ ಮಾಡಬೇಕಾದದ್ದು ಅದರಲ್ಲಿರಲಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ, ಆಹಾರದೊಂದಿಗೆ ಕೊಡಬೇಕಾದ ರಾತ್ರಿಯ ಔಷಧವಿದ್ದರೆ ವೈದ್ಯರನ್ನು ಕೇಳಿಯೇ ವೇಳೆ ನಿಗದಿಪಡಿಸಬೇಕು.

ಮಗುವಿನ ಥೆರಪಿಸ್ಟ್, ವಿಶೇಷ ಶಾಲೆಯ ಶಿಕ್ಷಕರು ಹಾಗೂ ಇತರ ಪೋಷಕರಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ವಿಶೇಷ ಶಿಕ್ಷಕರೆಂದು ಹೇಳಿಕೊಳ್ಳುವವರಿಂದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಪಡೆಯಬೇಕು. ದಿನದ ಆರೈಕೆಗೆ ಬರುವವರಾದರೆ, ಅವರು ಹಿಂದೆ ಕೆಲಸ ಮಾಡಿದ ಮನೆಯವರೊಡನೆ ನೇರವಾಗಿ ಮಾತನಾಡಿ, ಗುರುತಿನ ದಾಖಲೆ ನೋಡಿ, ಪೊಲೀಸ್ ಪರಿಶೀಲನೆ ಮಾಡಿಸಬೇಕು.

ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಮೇಲಿನ ಮೂರೂ ಸ್ಥಿತಿಗಳಿಗೆ ಅನ್ವಯಿಸುತ್ತದೆ. ಥೆರಪಿ ಸೇರಿದಂತೆ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆರೈಕೆದಾರರ ಸಂಬಳ ಇದರಲ್ಲಿ ಸೇರುವುದಿಲ್ಲ.

ಮೊದಲ ಕೆಲವು ವಾರ ಮನೆಯವರೊಬ್ಬರು ಜೊತೆಗಿರಲೇಬೇಕು. ಮಾತು ಬಾರದ ಮಗು ತನಗಾದ ನೋವನ್ನು ಹೇಳಲಾರದು. ಊಟ ಬಿಡುವುದು, ನಿದ್ದೆ ಕೆಡುವುದು, ಆರೈಕೆದಾರರನ್ನು ಕಂಡೊಡನೆ ಮುದುಡುವುದು ಕಂಡರೆ ಹಠವೆಂದು ತಳ್ಳಿಹಾಕದೆ ಕೂಡಲೇ ವಿಚಾರಿಸಬೇಕು.